ಮೂಗಿನ ಶಸ್ತ್ರಚಿಕಿತ್ಸೆ: ಕಾಣದ ಗಾಯಕ್ಕೂ ವಿಶ್ರಾಂತಿ ಬೇಕು

ಒಗ್ಗರಣೆಯ ಹೊಗೆಯಲ್ಲಿ ದಿನವಿಡೀ ನಿಲ್ಲುವ ನಮ್ಮ ಹೋಟೆಲು ಬಂಧುಗಳಾಗಲಿ, ಕಡತಗಳ ಧೂಳಿನಲ್ಲಿ ಕುಳಿತ ಗುಮಾಸ್ತ ಮಿತ್ರರಾಗಲಿ ಮೂಗು ಕಟ್ಟುವುದನ್ನು ರೋಗವೆಂದೇ ಎಣಿಸುವುದಿಲ್ಲ. ಆದರೆ ಹನ್ನೆರಡು ವಾರ ಕಳೆದರೂ ಮೂಗು ಬಿಡದೆ, ಕೆನ್ನೆ ಹುಬ್ಬುಗಳಲ್ಲಿ ಭಾರ ನಿಂತು, ಸಾರಿನ ಪರಿಮಳವೇ ತಿಳಿಯದಂತಾದರೆ ಅದನ್ನು ಬರಿಯ ನೆಗಡಿಯೆಂದು ಕಡೆಗಣಿಸಲಾಗದು.

ಮೂಗಿನ ಸುತ್ತಲಿನ ಎಲುಬುಗಳಲ್ಲಿ ನಾಲ್ಕು ಜೊತೆ ಗಾಳಿಗೂಡುಗಳಿವೆ. ಅವೇ ಸೈನಸುಗಳು. ಊತದಿಂದ ಅವುಗಳ ಬಾಗಿಲು ಮುಚ್ಚಿದರೆ ಲೋಳೆ ಒಳಗೇ ನಿಲ್ಲುತ್ತದೆ. ಔಷಧಕ್ಕೆ ಮಣಿಯದ ವ್ಯಾಧಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಹಿಂದೆ ಮೇಲ್ದುಟಿಯ ಒಳಗಿನಿಂದ ಕುಯ್ದು ಕೆನ್ನೆಯ ಎಲುಬನ್ನು ತೆರೆಯುವ ಪದ್ಧತಿಯಿತ್ತು. 1980ರ ದಶಕದಿಂದ ಹರಡಿದ ಎಂಡೋಸ್ಕೋಪಿನ ವಿಧಾನದಲ್ಲಿ ಹೊಳ್ಳೆಯ ಮೂಲಕವೇ ಆ ಬಾಗಿಲುಗಳನ್ನು ಅಗಲಿಸುತ್ತಾರೆ. ಮುಖದ ಮೇಲೆ ಸಾಮಾನ್ಯವಾಗಿ ಗುರುತೇ ಉಳಿಯದು. ನಮ್ಮವರು ಮೋಸಹೋಗುವುದು ಇಲ್ಲಿಯೇ: ಗಾಯ ಕಾಣದಿದ್ದರೆ ವಾಸಿಯಾಯಿತೆಂದು ತಿಳಿದು ನಾಲ್ಕನೆಯ ದಿನವೇ ಒಲೆಯ ಮುಂದೆ ನಿಲ್ಲುತ್ತಾರೆ.

ಶಸ್ತ್ರಚಿಕಿತ್ಸೆಗೆ ಮೊದಲು ಸಿ.ಟಿ. ಚಿತ್ರ ತೆಗೆಸಬೇಕಾಗುತ್ತದೆ, ಕಣ್ಣು ಮತ್ತು ಮಿದುಳು ಅತಿ ಸಮೀಪವಿರುವುದರಿಂದ ವೈದ್ಯರಿಗೆ ಅದೇ ನಕ್ಷೆ. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ನಾಟಿ ಮದ್ದನ್ನೂ ಸೇರಿಸಿ, ಅವರಿಗೆ ತಿಳಿಸಬೇಕು. ಆಸ್ಪಿರಿನ್ನಿನಂತಹವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಆದರೆ ಹೃದ್ರೋಗಿಗಳು ತಾವಾಗಿಯೇ ಅದನ್ನು ನಿಲ್ಲಿಸಬಾರದು. ಬೀಡಿ ಸಿಗರೇಟುಗಳನ್ನು ವಾರಗಳ ಮುಂಚೆಯೇ ಬಿಡಬೇಕು. ವೈದ್ಯರು ಹೇಳಿದ ವೇಳೆಯ ಮೇಲೆ ಒಂದು ಗುಟುಕು ಕಾಫಿಯೂ ಕೂಡದು. ಊರಿನಿಂದ ದೂರವಿರುವವರು ಕೋಣೆಯ ಗೆಳೆಯನೊಬ್ಬನನ್ನು ಆ ರಾತ್ರಿ ಜೊತೆಗಿರಲು ಕೇಳಿಕೊಳ್ಳಲಿ.

ಅನಂತರದ ಒಂದೆರಡು ವಾರಗಳೇ ಮುಖ್ಯ. ಮೊದಲ ದಿನಗಳಲ್ಲಿ ಕೆಂಪುಮಿಶ್ರಿತ ಲೋಳೆ ಸುರಿಯುವುದೂ ಮೂಗು ಕಟ್ಟುವುದೂ ಸಹಜ. ತಲೆಯನ್ನು ಎತ್ತರಿಸಿ ಮಲಗಬೇಕು. ಮೂಗು ಸೀನಬಾರದು; ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಅಕ್ಕಿ ಮೂಟೆ ಎತ್ತುವುದು, ಬಗ್ಗಿ ಪಾತ್ರೆ ತಿಕ್ಕುವುದು, ಹೊಗೆಯಲ್ಲಿ ನಿಲ್ಲುವುದು ವರ್ಜ್ಯ. ವೈದ್ಯರು ಹೇಳಿದ ದಿನದಿಂದ ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು. ನಲ್ಲಿಯ ನೀರನ್ನು ಹಾಗೆಯೇ ಬಳಸದೆ ಕುದಿಸಿ ಆರಿಸಿಕೊಳ್ಳಬೇಕು. ಒಳಗಿನ ಹಕ್ಕಳೆ ತೆಗೆಸಲು ಕರೆದ ದಿನ ತಪ್ಪದೆ ಹೋಗಬೇಕು.

ರಕ್ತ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಎರಡಾಗಿ ಕಂಡರೆ, ಕಣ್ಣು ಊದಿದರೆ, ತಿಳಿನೀರು ತೊಟ್ಟಿಕ್ಕಿದರೆ, ಜ್ವರದೊಡನೆ ಕುತ್ತಿಗೆ ಬಿಗಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಸಂಬಳ ಕಡಿತದ, ಜಾಗ ಹೋಗುವ ಭಯವನ್ನು ನಾವು ಅರಿಯದವರಲ್ಲ. ನೌಕರರ ರಾಜ್ಯ ವಿಮೆಗೆ ಸೇರಿದವರು ವೈದ್ಯರ ಪ್ರಮಾಣಪತ್ರ ಪಡೆದು ಕಾಯಿಲೆಯ ಭತ್ಯಕ್ಕೆ ಅರ್ಜಿ ಸಲ್ಲಿಸಲಿ. ಹೋಟೆಲು ಮಾಲೀಕರಲ್ಲಿಯೂ ನಮ್ಮದೊಂದು ವಿನಂತಿ: ಕೈ ಸುಟ್ಟ ಅಡುಗೆಯವನಿಗೆ ಕೊಡುವ ರಜೆಯನ್ನು ಮೂಗಿನೊಳಗೆ ಗಾಯವಿರುವವನಿಗೂ ಕೊಡಿರಿ. ಪರಿಮಳ ಮರಳಿ ತಿಳಿದ ಅಡುಗೆಯವನಿಂದ ಲಾಭ ನಿಮ್ಮ ಸಾರಿಗೇ.