ಕಡಲಿನ ಲೆಕ್ಕ ತಾಳೆಯಾಗಬೇಕು

ಮಕ್ಕಳೇ, ನಮ್ಮ ಯಂಕಂಚಿಯಿಂದ ಸಮುದ್ರ ಬಲು ದೂರ. ಆದರೂ ಆಲಮಟ್ಟಿ ಜಲಾಶಯದ 519.60 ಮೀಟರ್ ಗರಿಷ್ಠ ಮಟ್ಟವನ್ನು ಎಣಿಸುವುದು ಸಮುದ್ರ ಮಟ್ಟದಿಂದಲೇ. ಆ ಸಮುದ್ರವೇ ಈಗ ಏರುತ್ತಿದೆ. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಏರಿಕೆ ಸುಮಾರು 20 ಸೆಂಟಿಮೀಟರ್. ಬಿಸಿಯಾದ ನೀರು ಹಿಗ್ಗುತ್ತದೆ. ನೆಲದ ಮೇಲಿನ ಹಿಮ ಕರಗಿ ಕಡಲು ಸೇರುತ್ತದೆ.

ಮಂಗಳೂರಿನ ಬಳಿಯ ಉಳ್ಳಾಲದಲ್ಲಿ ಮಳೆಗಾಲದ ಅಲೆಗಳಿಗೆ ಎಷ್ಟೋ ಮನೆಗಳು ಕುಸಿದಿವೆ. ಪತ್ರಕರ್ತರು ಬಿದ್ದ ಗೋಡೆಯ ಫೋಟೊ ಹಾಕಿ ‘ಸಮುದ್ರ ಏರಿತು’ ಎಂದು ಬರೆದರೆ ಸಾಲದು. ನದಿಯ ಅಳಿವೆಯಲ್ಲಿ ಕಟ್ಟಿದ ತಡೆಗೋಡೆಗಳು ಮರಳಿನ ದಾರಿ ತಪ್ಪಿಸಿರಲೂಬಹುದು. ಬ್ಯಾಂಕಿನಲ್ಲಿ ನಾನು ಪಾಸ್‌ಬುಕ್ಕನ್ನು ಲೆಡ್ಜರಿನೊಂದಿಗೆ ತಾಳೆ ನೋಡುತ್ತಿದ್ದೆ. ಹಾಗೆಯೇ ಅವರು ಮೀನುಗಾರ ಅಜ್ಜನ ನೆನಪನ್ನು ಹಳೆಯ ನಕಾಶೆ, ಉಪಗ್ರಹ ಚಿತ್ರ, ಬಂದರಿನ ಉಬ್ಬರವಿಳಿತದ ದಾಖಲೆಗಳೊಂದಿಗೆ ತಾಳೆ ನೋಡಬೇಕು. ಕಾರಣ ತಪ್ಪಾದರೆ ಪರಿಹಾರವೂ ತಪ್ಪುತ್ತದೆ. ಮನೆ ಮತ್ತೆ ಬೀಳುತ್ತದೆ.

ಇಂಥ ಸುದ್ದಿ ಓದಿದಾಗ ನೀವೂ ಕೇಳಿ: ಅಳೆದವರು ಯಾರು? ಎಷ್ಟು ವರ್ಷದ ಲೆಕ್ಕ?