ದೂರು ಹದಿನೈದು

ಅಮೆರಿಕದಲ್ಲಿ 1990ರ ಆಸುಪಾಸಿನಲ್ಲಿ ತಯಾರಾದ ಶೆವ್ರೊಲೆ ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿ ‘ಚೆಕ್ ಎಂಜಿನ್’ ದೀಪ ಹತ್ತಿತೆಂದರೆ, ಯಾವ ಭಾಗವನ್ನು ಕೊಂಡು ಬದಲಿಸಲಿ ಎಂಬ ಯೋಚನೆಯೇ ಗಾಡಿಯ ಒಡೆಯನಿಗೆ ಮೊದಲು ಬರುವುದು ಸಹಜ. ಆದರೆ ಆ ದೀಪ ಸಲ್ಲಿಸುವುದು ದೂರನ್ನಷ್ಟೇ ಆದ್ದರಿಂದ, ಅಪರಾಧಿ ಯಾರೆಂಬ ವಿಚಾರಣೆಯನ್ನು ಮನುಷ್ಯನೇ ಸಾವಧಾನದಿಂದ ನಡೆಸಬೇಕಾಗುತ್ತದೆ.

1996ರಿಂದೀಚಿನ ಗಾಡಿಗಳಿಗೆ ಆ ದೇಶದಲ್ಲಿ ಒಂದೇ ಮಾದರಿಯ ಕನೆಕ್ಟರ್ ಕಡ್ಡಾಯವಾದುದರಿಂದ ಸ್ಕ್ಯಾನರ್ ಜೋಡಿಸಿದರೆ ಕೋಡು ಸಿಕ್ಕುತ್ತದೆ. ಈ ಹಳೆಯ ಗಾಡಿಗಳಲ್ಲಾದರೋ, ಸ್ಟಿಯರಿಂಗಿನ ಕೆಳಗಿರುವ ಕನೆಕ್ಟರಿನ ಎ, ಬಿ ಎಂಬೆರಡು ಮನೆಗಳನ್ನು ಬಾಗಿಸಿದ ಪೇಪರ್ ಕ್ಲಿಪ್ಪಿನಿಂದ ಕೂಡಿಸಿ, ಎಂಜಿನ್ನನ್ನು ಹೊರಡಿಸದೆ ಕೀಲಿಯನ್ನಷ್ಟೇ ತಿರುಗಿಸಿದೊಡನೆ ಅದೇ ದೀಪ ಮಿನುಗತೊಡಗುತ್ತದೆ: ಒಂದು ಮಿನುಗು, ತುಸು ವಿರಾಮ, ಮತ್ತೆರಡು. ಮೂರಾವರ್ತಿ ಬರುವ ಈ 12 ಇಲ್ಲಿ ದೋಷಸೂಚಕವಲ್ಲ. ಎಂಜಿನ್ ತಿರುಗುತ್ತಿಲ್ಲವೆಂಬ ಸಂಗತಿ ಮಾತ್ರ. ಅದರ ಬೆನ್ನಿಗೆ ಒಂದು ಮಿನುಗು, ವಿರಾಮ, ಐದು ಮಿನುಗು ಬಂದರೆ ಅದು 15.

ಹದಿನೈದೆಂದರೆ, ಎಂಜಿನ್ನಿನ ಕೂಲಂಟ್ ಉಷ್ಣತೆಯನ್ನು ಅರಿಯುವ ಸೆನ್ಸರಿನ ಮಾರ್ಗದಲ್ಲಿ ವೋಲ್ಟೇಜು ಮಿತಿಮೀರಿ ಏರಿದೆಯೆಂದು ಅರ್ಥ. ಈ ಪುಟ್ಟ ಹಿತ್ತಾಳೆಯ ವಸ್ತುವಿನ ಗುಣವೇನೆಂದರೆ, ಬಿಸಿಯೇರಿದಷ್ಟೂ ಅದರ ವಿದ್ಯುತ್ ಪ್ರತಿರೋಧ ಕುಗ್ಗುತ್ತದೆ: 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 3,500 ಓಮ್ ಇದ್ದುದು 100 ಡಿಗ್ರಿಯಲ್ಲಿ 180ರ ಸಮೀಪಕ್ಕೆ ಇಳಿಯುತ್ತದೆ. ಗಾಡಿಯ ಕಂಪ್ಯೂಟರು 5 ವೋಲ್ಟುಗಳನ್ನು ಕಳುಹಿಸಿ, ಅದರಲ್ಲೆಷ್ಟು ಉಳಿಯಿತೆಂಬುದರಿಂದ ಉಷ್ಣತೆಯನ್ನು ಗಣಿಸುವುದು. ತಂತಿ ಎಲ್ಲಿಯೋ ಕಡಿದರೆ ಐದಕ್ಕೈದೂ ಹಾಗೆಯೇ ನಿಲ್ಲುವುದರಿಂದ, ಕುದಿಯುತ್ತಿರುವ ಎಂಜಿನ್ನು ಕೂಡ ಅದರ ಲೆಕ್ಕದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ನಿಂತಂತೆ. ಆ ಚಳಿಗೆ ಮದ್ದೆಂದು ಪೆಟ್ರೋಲನ್ನು ಹೆಚ್ಚಾಗಿ ಸುರಿಯಿತೆಂದರೆ ಕರಿಹೊಗೆಯೂ ಏಳುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗಿಯೇ ಇದೆಯಲ್ಲ ಎಂದು ಮೋಸಹೋಗಬಾರದು. ಮುಳ್ಳಿಗೆ ಸುದ್ದಿ ಕೊಡುವುದು ಒಂಟಿ ತಂತಿಯ ಬೇರೊಂದು ಸೆನ್ಸರು.

ಈಗ ವಿಚಾರಣೆ. ಸೆನ್ಸರಿನಿಂದ ಎರಡು ತಂತಿಗಳ ಕನೆಕ್ಟರನ್ನು ಕಳಚಿ, ಆ ತಂತಿಗಳ ತುದಿಗಳನ್ನು ಚೂರು ವೈರಿನಿಂದ ಒಂದಕ್ಕೊಂದು ಕೂಡಿಸಿ, ಹಳೆಯ ಕೋಡನ್ನು ಅಳಿಸಿ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಬೇಕು. 15 ಹೋಗಿ ಅದಕ್ಕೆ ತದ್ವಿರುದ್ಧವಾದ 14, ಎಂದರೆ ಅತಿಯಾದ ಉಷ್ಣತೆಯ ಕೋಡು, ಬಂದಿತೋ, ಕಂಪ್ಯೂಟರಿನವರೆಗಿನ ಹಾದಿಯೆಲ್ಲ ನಿರ್ದೋಷ. 15 ಹಾಗೆಯೇ ಉಳಿಯಿತೋ, ಸೆನ್ಸರನ್ನು ಬದಲಿಸಿ ಫಲವಿಲ್ಲ. ಸುಳ್ಳನ್ನು ಬೇಕೆಂದೇ ನುಡಿಸಿ ಸತ್ಯವನ್ನು ಹೊರಡಿಸುವ ಈ ಪರೀಕ್ಷೆಯ ಸೊಬಗು ನನಗೆ ಯಾವ ತರ್ಕಪಾಠದ ಸೊಬಗಿಗೂ ಕಡಮೆಯೆಂದು ತೋರಿಲ್ಲ.

14 ಬಂದ ಮೇಲೂ ಕಣ್ಣಿಗೆ ಕೆಲಸವುಂಟು. ಕನೆಕ್ಟರಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ತಾಮ್ರದ ಕಿಲುಬು ಹಸಿರು ಪುಡಿಯಾಗಿ ಕೂತಿರುವುದೋ, ಒಳಗಿನ ಹಿಡಿಕೆ ಅಗಲಿಸಿಹೋಗಿ ಕಡ್ಡಿಯನ್ನು ಬಿಗಿಯಾಗಿ ಕಚ್ಚದಿರುವುದೋ ಕಾಣಬಹುದು. ಅದು ಶುಚಿಯಾಗಿದ್ದಲ್ಲಿ, ರಾತ್ರಿಯಿಡೀ ತಣಿದ ಸೆನ್ಸರಿನ ಪ್ರತಿರೋಧವನ್ನು ಮಲ್ಟಿಮೀಟರಿನಿಂದ ಅಳೆದು ಬೆಳಗಿನ ಗಾಳಿಯ ಉಷ್ಣತೆಯೊಡನೆ ಹೋಲಿಸಬೇಕು. ಹೊಂದದಿದ್ದರೆ ಮಾತ್ರ, ಎಂಜಿನ್ ತಣ್ಣಗಿರುವಾಗಲೇ, ಹೊಸದನ್ನು ಕೂರಿಸಬೇಕು.

ಬಳಿಕ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಅರ್ಧ ನಿಮಿಷ ಬಿಚ್ಚಿ ನೆನಪನ್ನು ಅಳಿಸಿ, ಗಾಡಿಯನ್ನು ಚೆನ್ನಾಗಿ ಓಡಿಸಿ ತಂದು, ಮತ್ತೆ ಪೇಪರ್ ಕ್ಲಿಪ್ಪನ್ನು ಸಿಕ್ಕಿಸಿದಾಗ ದೀಪ ಒಂದು ಬಾರಿ, ಆಮೇಲೆ ಎರಡು ಬಾರಿ ಮಿನುಗಿ, ಪುನಃ ಪುನಃ ಆ ಹನ್ನೆರಡನ್ನೇ ಹೇಳುತ್ತಿರುತ್ತದೆ.