ಕನೆಕ್ಟ್ ಒತ್ತಿದರೆ ದುಡ್ಡು ಹೋಗುವುದಿಲ್ಲ, ಆಮೇಲೆ ಹಾಕುವ ಸಹಿಯಿಂದ ಹೋಗಬಹುದು

2023ರ ಮಾರ್ಚ್ 10, ಶುಕ್ರವಾರ ಸಾಂಟಾ ಕ್ಲಾರಾದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿತು. ನಾನಿರುವ ಲಾಸ್ ಗ್ಯಾಟೋಸ್‌ನಿಂದ ಅದರ ಮುಖ್ಯ ಕಚೇರಿಗೆ ಕಾರಿನಲ್ಲಿ ಸುಮಾರು ಅರ್ಧ ಗಂಟೆ. ಅದೇ ರಾತ್ರಿ ಸರ್ಕಲ್ ಕಂಪನಿ ಒಂದು ವಿಷಯ ಹೊರಹಾಕಿತು: ಯುಎಸ್‌ಡಿಸಿ ಸ್ಟೇಬಲ್‌ಕಾಯಿನ್‌ಗೆ ಆಧಾರವಾಗಿಟ್ಟ ಸುಮಾರು 40 ಬಿಲಿಯನ್ ಡಾಲರ್‌ಗಳಲ್ಲಿ 3.3 ಬಿಲಿಯನ್ ಆ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದೆ. ಸದಾ ಒಂದು ಡಾಲರಿಗೆ ನಿಲ್ಲಬೇಕಾದ ಯುಎಸ್‌ಡಿಸಿ ಶನಿವಾರ 90 ಸೆಂಟ್‌ಗಿಂತ ಕೆಳಗೆ ಜಾರಿತು. ಬ್ಯಾಂಕುಗಳಿಗೆ ರಜೆ. ಕಾಯಿನ್‌ಬೇಸ್ ಕೂಡ ವಾರಾಂತ್ಯದ ಮಟ್ಟಿಗೆ ಯುಎಸ್‌ಡಿಸಿಯನ್ನು ಡಾಲರಿಗೆ ಬದಲಿಸಿಕೊಡುವುದನ್ನು ನಿಲ್ಲಿಸಿತು.

ಆ ಎರಡು ದಿನವೂ ಯೂನಿಸ್ವಾಪ್, ಕರ್ವ್‌ನಂಥ ಡಿಸೆಂಟ್ರಲೈಸ್ಡ್ ಎಕ್ಸ್‌ಚೇಂಜ್‌ಗಳು ನಡೆಯುತ್ತಲೇ ಇದ್ದವು. ಅಲ್ಲಿ ಖಾತೆ ತೆರೆಯಬೇಕಿಲ್ಲ, ಹಣ ಠೇವಣಿ ಇಡಬೇಕಿಲ್ಲ. ಕೀಲಿ ನಮ್ಮ ಕೈಯಲ್ಲೇ ಇರುವ ಮೆಟಾಮಾಸ್ಕ್‌ನಂಥ ವಾಲೆಟ್ ಜೋಡಿಸಿದರೆ ಸಾಕು. ಭಾನುವಾರ ಸಂಜೆ ಸರ್ಕಾರ ಎಲ್ಲ ಠೇವಣಿದಾರರ ಹಣಕ್ಕೂ ಭರವಸೆ ಕೊಟ್ಟಿತು, ಯುಎಸ್‌ಡಿಸಿ ಮತ್ತೆ ಒಂದು ಡಾಲರಿನ ಹತ್ತಿರ ಬಂತು. ಗಾಬರಿಯಲ್ಲಿ ಕಡಿಮೆ ಬೆಲೆಗೆ ಮಾರಿದವರಿಗೆ ನಷ್ಟ ಹಾಗೇ ಉಳಿಯಿತು.

ಇಲ್ಲಿನ ಕನ್ನಡದ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ವಾಲೆಟ್ ಕನೆಕ್ಟ್ ಮಾಡಿದ ಕೂಡ್ಲೇ ನಮ್ಮ ದುಡ್ಡು ಅವರ ಕೈಗೆ ಹೋಗಿಬಿಡತ್ತಾ?" ಇಲ್ಲ. ಆದರೆ ಭಯಪಡಬೇಕಾದ ಜಾಗ ಬೇರೆ ಇದೆ, ಅಲ್ಲಿ ಹೆಚ್ಚಿನವರು ಭಯಪಡುವುದಿಲ್ಲ.

ಕನೆಕ್ಟ್ ಅಂದರೆ ವಿಳಾಸ ಹೇಳುವುದು

ಕನೆಕ್ಟ್ ಒತ್ತಿದಾಗ ಆ ತಾಣಕ್ಕೆ ಸಿಗುವುದು ನಿಮ್ಮ ಸಾರ್ವಜನಿಕ ವಿಳಾಸ. ಅದರಿಂದ ನಿಮ್ಮ ಬ್ಯಾಲೆನ್ಸ್, ಹಳೆಯ ವ್ಯವಹಾರ ಎಲ್ಲ ಕಾಣುತ್ತದೆ. ಎಥೀರಿಯಂ ತೆರೆದ ಲೆಕ್ಕಪುಸ್ತಕವಾದ್ದರಿಂದ ವಿಳಾಸ ಗೊತ್ತಿರುವ ಯಾರಿಗಾದರೂ ಅದು ಕಾಣುವುದೇ. ಗುಟ್ಟು ಹೋಗಬಹುದು, ಹಣ ಹೋಗುವುದಿಲ್ಲ. ಇನ್ನೊಂದು ಮಾತು: ಕನೆಕ್ಟ್ ಮಾಡಲು ಯಾವ ನಿಜವಾದ ಎಕ್ಸ್‌ಚೇಂಜೂ ನಿಮ್ಮ 12 ಅಥವಾ 24 ಪದಗಳ ಸೀಡ್ ಫ್ರೇಸ್ ಕೇಳುವುದಿಲ್ಲ. ಕೇಳಿದರೆ ಅದು ಕಳ್ಳರ ತಾಣ, ಅಲ್ಲಿಂದ ಎದ್ದು ಬನ್ನಿ.

ಅಪ್ರೂವ್ ಅಂದರೆ ಖಾಲಿ ಚೆಕ್

ಯುಎಸ್‌ಡಿಸಿಯಂಥ ಟೋಕನ್‌ಗಳು ಇಆರ್‌ಸಿ-20 ಎಂಬ ನಿಯಮದಂತೆ ನಡೆಯುತ್ತವೆ. ಅದರಲ್ಲಿ ಅಪ್ರೂವ್ ಎಂಬ ಒಂದು ಕ್ರಿಯೆ ಇದೆ: "ನನ್ನ ಟೋಕನ್‌ಗಳಲ್ಲಿ ಇಷ್ಟನ್ನು ಈ ಕಾಂಟ್ರ್ಯಾಕ್ಟ್ ತೆಗೆದುಕೊಳ್ಳಬಹುದು" ಎಂಬ ಅನುಮತಿ. ಸ್ವಾಪ್ ನಡೆಯಲು ಇದು ಬೇಕೇಬೇಕು. ತೊಂದರೆ ಎಲ್ಲಿ ಅಂದರೆ, ಪ್ರತಿಸಲ ಗ್ಯಾಸ್ ಶುಲ್ಕ ಉಳಿಸಲೆಂದು ಅನೇಕ ತಾಣಗಳು ಮಿತಿಯಿಲ್ಲದ ಅನುಮತಿಯನ್ನೇ ಮುಂದಿಡುತ್ತವೆ. ನೀವು 500 ಡಾಲರ್ ಬದಲಿಸಲು ಹೋಗಿ, ಇವತ್ತಿನ ಮತ್ತು ಮುಂದೆ ಬರುವ ಎಲ್ಲ ಯುಎಸ್‌ಡಿಸಿಗೂ ಸಹಿ ಹಾಕಿರುತ್ತೀರಿ.

ಇದರ ತಮ್ಮನಂತಿರುವುದು ಪರ್ಮಿಟ್. ಇದು ಗ್ಯಾಸ್ ಕೇಳದ ಬರೀ ಸಹಿ. ದುಡ್ಡು ಖರ್ಚಾಗಲಿಲ್ಲವಲ್ಲ ಎಂದು ಜನ ಇದನ್ನು ಲಾಗಿನ್ ಅಂದುಕೊಳ್ಳುತ್ತಾರೆ. ಆದರೆ ಅದೂ ಅನುಮತಿಯೇ.

ಇನ್ನು ಡಿಸ್ಕನೆಕ್ಟ್ ಒತ್ತಿದರೆ ಈ ಅನುಮತಿ ರದ್ದಾಗುವುದಿಲ್ಲ. ಅದು ಬ್ಲಾಕ್‌ಚೈನ್‌ನಲ್ಲೇ ಬರೆದಿರುತ್ತದೆ. ರದ್ದು ಮಾಡಲು ಇನ್ನೊಂದು ವ್ಯವಹಾರ, ಇನ್ನಷ್ಟು ಗ್ಯಾಸ್.

ತಾಣ ಅಸಲಿ, ಸಹಿ ನಕಲಿ

2021ರ ಡಿಸೆಂಬರ್ 2ರಂದು ಬ್ಯಾಡ್ಜರ್‌ಡಾವೋ ಬಳಕೆದಾರರು ಸುಮಾರು 12 ಕೋಟಿ ಡಾಲರ್ ಕಳೆದುಕೊಂಡರು. ಅದರ ಕಾಂಟ್ರ್ಯಾಕ್ಟ್‌ಗಳು ಒಡೆದಿರಲಿಲ್ಲ. ಕಳ್ಳರು ತಾಣದ ಪುಟಕ್ಕೆ ಸಣ್ಣ ಕೋಡ್ ಸೇರಿಸಿ, ಮಾಮೂಲಿ ಕೆಲಸದ ನಡುವೆ ಒಂದು ಹೆಚ್ಚುವರಿ ಅಪ್ರೂವಲ್ ತೋರಿಸಿದರು. ಜನ ಅಭ್ಯಾಸಬಲದಿಂದ ಒಪ್ಪಿದರು. ಸಾಕಷ್ಟು ಅನುಮತಿಗಳು ಕೂಡಿದ ಮೇಲೆ ಒಂದೇ ದಿನ ಎಲ್ಲ ಬಳಿದುಕೊಂಡರು. ಸರಿಯಾದ ವಿಳಾಸಕ್ಕೇ ಹೋಗಿದ್ದರೂ ರಕ್ಷಣೆ ಸಿಗಲಿಲ್ಲ. ಕೊನೆಯ ಬೇಲಿ ಎಂದರೆ ವಾಲೆಟ್ ತೆರೆಯುವ ಆ ಪುಟ್ಟ ಕಿಟಕಿ.

ಅವಸರದ ಬೆಲೆ

ಸಹಿ ಹಾಕುವ ಮೊದಲು ನೋಡಬೇಕಾದ ಇನ್ನೊಂದು ಅಂಕಿ "ಕನಿಷ್ಠ ಎಷ್ಟು ಸಿಗುತ್ತದೆ" ಎಂಬುದು. ಮಾರ್ಚ್ 11ರ ಗಾಬರಿಯಲ್ಲಿ ಒಬ್ಬರು 20 ಲಕ್ಷ ಡಾಲರಿಗೂ ಹೆಚ್ಚು ಬೆಲೆಯ ಕರ್ವ್ ಪೂಲ್ ಟೋಕನ್‌ಗಳನ್ನು ಯುಎಸ್‌ಡಿಟಿಗೆ ಬದಲಿಸಿದರು. ಕೈಗೆ ಬಂದದ್ದು 5 ಸೆಂಟ್. ಹಣವಿಲ್ಲದ ಪೂಲ್ ಮೂಲಕ ವ್ಯವಹಾರ ಹೋಗಿತ್ತು, ಸ್ಲಿಪೇಜ್ ಮಿತಿ ಇರಲಿಲ್ಲ, ಉಳಿದದ್ದನ್ನು ಒಂದು ಬಾಟ್ ಬಾಚಿಕೊಂಡಿತು. ಇದು ಕಳ್ಳತನವೂ ಅಲ್ಲ. ಸಹಿ ಹಾಕಿದ್ದಕ್ಕೆ ತಕ್ಕಂತೆಯೇ ನಡೆಯಿತು.

ಸಿಲಿಕಾನ್ ವ್ಯಾಲಿ ಬ್ಯಾಂಕಿನ ಠೇವಣಿದಾರರಿಗೆ ಸರ್ಕಾರ ಬಂತು. ನಮ್ಮ ವಾಲೆಟ್‌ಗೆ ಎಫ್‌ಡಿಐಸಿ ಇಲ್ಲ, ವ್ಯವಹಾರ ವಾಪಸ್ ಮಾಡಿಸಲು ಕಸ್ಟಮರ್ ಕೇರ್ ಇಲ್ಲ. ಕೀಲಿ ನಮ್ಮದಾದರೆ ಬ್ಯಾಂಕ್ ಮ್ಯಾನೇಜರ್ ಕೆಲಸವೂ ನಮ್ಮದೇ.

ನಾನು ಪಾಲಿಸುವ ಕ್ರಮ

- ಎರಡು ವಾಲೆಟ್. ದೊಡ್ಡ ಮೊತ್ತ ಹಾರ್ಡ್‌ವೇರ್ ವಾಲೆಟ್‌ನಲ್ಲಿ, ಅದನ್ನು ಯಾವ ತಾಣಕ್ಕೂ ಜೋಡಿಸುವುದಿಲ್ಲ. ಸ್ವಾಪ್ ಮಾಡುವಷ್ಟನ್ನೇ ಎರಡನೆಯದಕ್ಕೆ ಕಳಿಸುತ್ತೇನೆ.
- ಗೂಗಲ್ ಹುಡುಕಾಟದ ಜಾಹೀರಾತು ಒತ್ತುವುದಿಲ್ಲ. ಬುಕ್‌ಮಾರ್ಕ್‌ನಿಂದಲೇ ಹೋಗುತ್ತೇನೆ.
- ಅಪ್ರೂವ್ ಕಿಟಕಿಯಲ್ಲಿ ಮೊತ್ತವನ್ನು ಬೇಕಾದಷ್ಟಕ್ಕೇ ಇಳಿಸುತ್ತೇನೆ. ಯಾರಿಗೆ, ಯಾವ ಟೋಕನ್, ಎಷ್ಟು ಎಂಬ ಮೂರೂ ಅರ್ಥವಾಗದಿದ್ದರೆ ರಿಜೆಕ್ಟ್.
- ಮೊದಲು ಸಣ್ಣ ಮೊತ್ತದ ಸ್ವಾಪ್, ಅದು ಸರಿಹೋದ ಮೇಲೆ ಉಳಿದದ್ದು.
- ಮೂರು ತಿಂಗಳಿಗೊಮ್ಮೆ ಈಥರ್‌ಸ್ಕ್ಯಾನ್‌ನ ಟೋಕನ್ ಅಪ್ರೂವಲ್ ಪುಟ ನೋಡಿ, ಬೇಡದ್ದನ್ನು ರದ್ದು ಮಾಡುತ್ತೇನೆ.
- ಸೀಡ್ ಫ್ರೇಸ್ ಎಲ್ಲಿದೆ, ಹೇಗೆ ಬಳಸಬೇಕು ಎಂಬುದು ಮನೆಯವರಿಗೂ ಗೊತ್ತಿದೆ. ನಾಳೆ ನನಗೇನಾದರೂ ಆದರೆ ಕೋರ್ಟ್ ಆದೇಶ ತಂದರೂ ಆ ವಾಲೆಟ್ ತೆರೆಯುವುದಿಲ್ಲ.

ತೆರಿಗೆ ಮರೆಯಬೇಡಿ

ಅಮೆರಿಕದಲ್ಲಿ ಕ್ರಿಪ್ಟೋ ಒಂದು ಆಸ್ತಿ. 2014ರಿಂದ ಐಆರ್‌ಎಸ್ ಹೇಳುತ್ತಿರುವುದು ಇದನ್ನೇ. ಒಂದು ಟೋಕನ್ ಕೊಟ್ಟು ಇನ್ನೊಂದು ತೆಗೆದುಕೊಂಡರೆ, ಡಾಲರ್ ಕೈಗೆ ಬರದಿದ್ದರೂ ಅದು ಮಾರಾಟವೇ. ಡಿಸೆಂಟ್ರಲೈಸ್ಡ್ ಎಕ್ಸ್‌ಚೇಂಜ್‌ಗಳನ್ನೂ ಬ್ರೋಕರ್ ಎಂದು ಪರಿಗಣಿಸುವ ನಿಯಮ 2025ರ ಏಪ್ರಿಲ್‌ನಲ್ಲಿ ರದ್ದಾಯಿತು. ಹಾಗಾಗಿ ಅಲ್ಲಿಂದ ಫಾರ್ಮ್ ಬರುತ್ತದೆ ಎಂದು ಕಾಯಬೇಡಿ, ಲೆಕ್ಕ ನೀವೇ ಇಡಿ. ಬೆಂಗಳೂರಿಗೆ ಮರಳುವ ಯೋಚನೆ ಇದ್ದರೆ ಇದೂ ತಿಳಿದಿರಲಿ: ಅಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ಇದು ಯಾವ ಟೋಕನ್ ಕೊಳ್ಳಬೇಕೆಂಬ ಸಲಹೆ ಅಲ್ಲ. ನಿಮ್ಮ ಬಳಿ ಹಳೆಯ ವಾಲೆಟ್ ಇದ್ದರೆ ಈ ವಾರಾಂತ್ಯ ಹತ್ತು ನಿಮಿಷ ಬಿಡುವು ಮಾಡಿಕೊಂಡು ಅದರ ಅಪ್ರೂವಲ್ ಪಟ್ಟಿ ತೆರೆದು ನೋಡಿ. ಮರೆತುಹೋದ ಖಾಲಿ ಚೆಕ್‌ಗಳು ಅಲ್ಲಿ ಇನ್ನೂ ಬಿದ್ದಿರಬಹುದು.